ಮಂಜಿಗೆ ಹೋದ ಸರದಿ

ಅಕ್ಟೋಬರ್ 12, ಭಾನುವಾರ ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಶೋಭಾ ಶೆಡ್ಡಿನ ಬಾಗಿಲು ತೆಗೆದಾಗ ವಿಮಾನ ಇತ್ತು, ಅದರ ಬ್ಯಾಟರಿ ಇರಲಿಲ್ಲ.

ಕಳ್ಳತನ ಅಂತ ಅವಳಿಗೆ ಒಂದು ಕ್ಷಣವೂ ಅನಿಸಲಿಲ್ಲ. ಕಳ್ಳನಾಗಿದ್ದರೆ ಪಕ್ಕದಲ್ಲಿದ್ದ ಹೊಸ ಪೆಟ್ರೋಲ್ ಕ್ಯಾನು ಬಿಟ್ಟು ಹೋಗುತ್ತಿರಲಿಲ್ಲ. ತಂತಿಗಳ ತುದಿಗೆ ಟೇಪು ಸುತ್ತಿ, ನಟ್ಟು ಬೋಲ್ಟುಗಳನ್ನು ಸೀಟಿನ ಮೇಲೆ ಕಾಗದದ ಪೊಟ್ಟಣದಲ್ಲಿ ಇಟ್ಟಿದ್ದರು. ಇಷ್ಟು ಅಚ್ಚುಕಟ್ಟಾಗಿ ಬಿಚ್ಚುವವರು ಕೆ.ಆರ್. ನಗರದ ಬಸವಪ್ರಸಾದ್ ಒಬ್ಬರೇ. ಅವರು ವಿಮಾನದ ಮೂವರು ಮಾಲೀಕರಲ್ಲಿ ಒಬ್ಬರು.

ವಿಮಾನ ಅಂದರೆ ದೊಡ್ಡದೇನಲ್ಲ. ಎರಡು ಸೀಟು, ಬಟ್ಟೆ ಹೊದಿಸಿದ ರೆಕ್ಕೆ, ಮುಂದೊಂದು ಫ್ಯಾನು. ಖಾಲಿ ಇದ್ದಾಗ ತೂಗಿದರೆ ಒಂದು ಒಳ್ಳೆಯ ಎತ್ತಿಗಿಂತ ಕಡಿಮೆ. ನಾಲ್ಕು ವರ್ಷದ ಹಿಂದೆ ಮೂವರೂ ಸೇರಿ ಕೊಂಡಿದ್ದರು. ಬಸವಪ್ರಸಾದ್‌ಗೆ ಐವತ್ತೆಂಟು, ನಾಲೆಯ ಕೆಳಗೆ ಭತ್ತದ ಗದ್ದೆ, ಜೊತೆಗೊಂದು ಅಕ್ಕಿ ಗಿರಣಿ. ಪಿರಿಯಾಪಟ್ಟಣದ ಕಿರಣ್‌ಕುಮಾರ್‌ಗೆ ಮೂವತ್ತಾರು, ಶುಂಠಿ ಬೆಳೆಗಾರ. ಶೋಭಾಳದು ಹುಣಸೂರು ಸೀಮೆ, ಹೊಗೆಸೊಪ್ಪಿನ ಬೇಸಾಯ. ಮೂವರೂ ಒಂದೇ ತರಬೇತಿ ಶಾಲೆಯಲ್ಲಿ ಹಾರುವುದು ಕಲಿತವರು. ಹನಗೋಡು ರಸ್ತೆಯಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿಯ ಹುಲ್ಲುಗಾವಲೇ ಅವರ ರನ್‌ವೇ. ವಾರದ ದಿನಗಳಲ್ಲಿ ಅಲ್ಲಿ ಆ ಅಧಿಕಾರಿಯ ಕುದುರೆಗಳು ಮೇಯುತ್ತವೆ. ಶನಿವಾರ, ಭಾನುವಾರ ಮಾತ್ರ ವಿಮಾನಕ್ಕೆ.

ಆ ಎರಡು ದಿನಗಳನ್ನು ಮೂವರೂ ಸರದಿಯಂತೆ ಹಂಚಿಕೊಂಡಿದ್ದರು. ನಿನ್ನೆ ಶನಿವಾರ ಬಸವಪ್ರಸಾದ್ ಅವರದು. ಇವತ್ತು ಶೋಭಾಳದು.

ಅವಳು ಫೋನ್ ಮಾಡಿ ಕೇಳಿದಳು. "ಪ್ರಸಾದಣ್ಣ, ಬ್ಯಾಟ್ರಿ ಎಲ್ಲೈತೆ?"

"ನನ್ ತಾವೇ ಐತೆ ಕಣಮ್ಮ. ಮನೇಲಿ ಚಾರ್ಜಿಗೆ ಹಾಕಿದ್ದೆ. ಮಂಜು ಬುಡೋ ಒತ್ತಿಗೆ ಬತ್ತೀನಿ. ನೀನ್ಯಾಕೆ ಇಷ್ಟ್ ಬೇಗ ಬಂದೆ?"

"ಇವತ್ತು ನನ್ ಸರದಿ ಅಲ್ವಾ?"

"ನಿನ್ನೆ ನಂದು ಆಗ್ನೇ ಇಲ್ವಲ್ಲ" ಎಂದರು ಅವರು, ಅವಳೇ ಏನೋ ಮರೆತಿದ್ದಾಳೆ ಎಂಬಂತೆ.

ಫೋನಿಟ್ಟು ಅವಳು ಶೆಡ್ಡಿನ ಹೊರಗೆ ಬಂದಳು. ಲಕ್ಷ್ಮಣತೀರ್ಥದ ಕಡೆಯಿಂದ ಎದ್ದ ಮಂಜಿನಲ್ಲಿ ಇಪ್ಪತ್ತು ಮಾರಿನಾಚೆಯ ಬೇಲಿಯೂ ಕಾಣುತ್ತಿರಲಿಲ್ಲ. ನಿನ್ನೆಯೂ ಹೀಗೇ ಇತ್ತಂತೆ. ಮಂಜು ಒಂಬತ್ತೂವರೆಗೆ ಬಿಟ್ಟರೆ, ಹತ್ತೂವರೆಗೆಲ್ಲ ಅಡ್ಡಗಾಳಿ ಶುರುವಾಗುತ್ತದೆ. ನಡುವೆ ಸಿಗುವುದು ಒಂದು ಗಂಟೆ. ನಿನ್ನೆ ಆ ಒಂದು ಗಂಟೆಯೂ ಸಿಕ್ಕಿರಲಿಲ್ಲ.

ಬೇರೆ ಯಾವ ಭಾನುವಾರವಾಗಿದ್ದರೂ ಅವಳು ಹಾಳಾಗಿ ಹೋಗಲಿ ಎಂದು ಮನೆಗೆ ಹೋಗಿ ದೋಸೆ ತಿನ್ನುತ್ತಿದ್ದಳು. ಈ ಭಾನುವಾರ ಹಾಗೆ ಮಾಡುವಂತಿರಲಿಲ್ಲ. ಮೂವರ ಕರಾರಿನಲ್ಲಿ ಆರನೇ ಷರತ್ತು ಹೀಗಿತ್ತು: ಸತತ ಹದಿಮೂರು ವಾರ ಹಾರದವರು ತಮ್ಮ ಪಾಲನ್ನು ಉಳಿದಿಬ್ಬರಿಗೆ ಬಿಟ್ಟುಕೊಡಬೇಕು. ಹಾರದೆ ಬರೀ ಮಾಲೀಕರಾಗಿ ಕೂತವರಿಂದ ವಿಮಾನ ತುಕ್ಕು ಹಿಡಿಯುತ್ತದೆ ಎಂದು ವಾದಿಸಿ, ಹಟ ಹಿಡಿದು ಅದನ್ನು ಸೇರಿಸಿದವಳು ಶೋಭಾಳೇ. ಅವಳು ಕೊನೆಯ ಸಲ ಹಾರಿದ್ದು ಜುಲೈ 13ಕ್ಕೆ. ಆಮೇಲೆ ಮಳೆ ಒಂದಿಷ್ಟು ಸರದಿ ತಿಂದಿತು, ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ಕೆಲಸ ಉಳಿದದ್ದನ್ನು ತಿಂದಿತು. ಇವತ್ತಿಗೆ ಸರಿಯಾಗಿ ಹದಿಮೂರು ವಾರ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸದ್ದಿಲ್ಲದೆ ಬಂದು, ಒಂದು ಸುತ್ತು ಹೊಡೆದು, ಪುಸ್ತಕದಲ್ಲಿ ಬರೆದು ಹೋಗುವ ಯೋಚನೆಯಲ್ಲಿದ್ದಳು. ಜಮೀನು ಗಂಡನ ಹೆಸರಿನಲ್ಲಿತ್ತು, ಹೊಗೆಸೊಪ್ಪಿನ ಲೈಸೆನ್ಸು ಮಾವನ ಹೆಸರಿನಲ್ಲಿ, ಮನೆ ಭಾವನ ಹೆಸರಿನಲ್ಲಿ. ನಲವತ್ತನಾಲ್ಕು ವರ್ಷಕ್ಕೆ ಅವಳ ಹೆಸರಿನಲ್ಲಿದ್ದದ್ದು ಈ ವಿಮಾನದ ಮೂರನೇ ಒಂದು ಪಾಲು.

ಎಂಟೂ ಹತ್ತಕ್ಕೆ ಬಸವಪ್ರಸಾದರ ಜೀಪು ಬಂತು. ಮುಂದಿನ ಸೀಟಿನಲ್ಲಿ ಬ್ಯಾಟರಿ, ಹಿಂದಿನ ಸೀಟಿನಲ್ಲಿ ಕಿರಣ್. ಏನಾದರೂ ಮಾತು ಬಂದರೆ ತೀರ್ಮಾನಕ್ಕಿರಲಿ ಎಂದು ಅವನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದಿದ್ದರು. ಹಾರಾಟದ ಲಾಗ್ ಪುಸ್ತಕ ಇಟ್ಟುಕೊಳ್ಳುವುದು ಕಿರಣನ ಕೆಲಸ. ಅದು ಅವನ ಕಂಕುಳಲ್ಲಿತ್ತು.

ಬಸವಪ್ರಸಾದ್ ತಯಾರಾಗಿಯೇ ಬಂದಿದ್ದರು. ಹತ್ತು ಗಂಟೆಗೆ ಗಿರಣಿಯ ಪಕ್ಕದ ಗದ್ದೆಗಳ ಮೇಲೆ ಹಾರುತ್ತೇನೆಂದು ಬೀದಿಗೆಲ್ಲ ಹೇಳಿಬಿಟ್ಟಿದ್ದರಂತೆ. ನಿನ್ನೆ ಮೂವತ್ತು ಜನ ಗಿರಣಿ ತಾರಸಿಯಲ್ಲಿ ಕಾದು ವಾಪಸ್ ಹೋಗಿದ್ದರು. ಇವತ್ತು ಕೆಂಪಾಜಮ್ಮ ಅನ್ನುವ ಅವರ ದೊಡ್ಡತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹತ್ತಿಸಿದ್ದಾರೆ. ಹೋಗಿ ಬರಲು ನಲವತ್ತು ನಿಮಿಷ ಬೇಕು. ಅವರು ಹೋದರೆ ಶೋಭಾಳಿಗೆ ಹೊತ್ತು ಉಳಿಯುವುದಿಲ್ಲ, ಶೋಭಾ ಮೊದಲು ಹೋದರೆ ಅವರು ಗಾಳಿಗೆ ಮೊದಲು ವಾಪಸ್ ಬರಲಾಗುವುದಿಲ್ಲ. ಇಬ್ಬರೂ ಹಿಂದಿನ ಸಂಜೆಯೇ ತಮ್ಮ ತಮ್ಮ ಹೆಸರಿನಲ್ಲಿ ವಿಮಾನ ನಿಯಂತ್ರಣದವರಿಗೆ ಹಾರಾಟದ ಮಾಹಿತಿ ಕಳಿಸಿಬಿಟ್ಟಿದ್ದರು.

"ನಾಲೇಲಿ ನೀರೇ ಬರ್ನಿಲ್ಲ ಅಂದ್ರೆ ನಿನ್ ಸರದಿ ಮುಗೀತು ಅಂತಾರಾ?" ಎಂದರು ಬಸವಪ್ರಸಾದ್. "ನೀರು ಯಾವತ್ತು ಬತ್ತದೋ ಅವತ್ತೇ ನನ್ ಸರದಿ. ಇದು ಮಕ್ಕಳಿಗೂ ಗೊತ್ತು."

ಶೋಭಾಳಿಗೆ ಗೊತ್ತಿರಲಿಲ್ಲ. ಅವಳ ಊರಿನಲ್ಲಿ ಮೂರು ಮನೆಗೆ ಒಂದು ಬ್ಯಾರನ್ನು, ಹೊಗೆಸೊಪ್ಪು ಬೇಯಿಸುವ ಗೂಡು. ಮೂರೂ ಮನೆಯವರು ಸರದಿಯಲ್ಲಿ ಬೇಯಿಸಬೇಕು. "ನಮ್ ಕಡೆ ಮಳೆ ಬಂದು ಸೊಪ್ಪು ಮುರೀನಿಲ್ಲ ಅಂದ್ರೆ ಓಯ್ತು, ಅಷ್ಟೇ. ಮುಂದಿನೋರು ಎಲೆ ಕಡ್ಡಿಗೆ ಕಟ್ಕಂಡು ಕೂತಿರ್ತಾರೆ. ಅವರ್ ಸೊಪ್ಪು ಕೊಳೆಯಲ್ವಾ?"

"ಇದೇನ್ ಸೊಪ್ಪೇನಮ್ಮ, ಕೊಳೆಯಕ್ಕೆ?"

"ನೀರೂ ಅಲ್ವಲ್ಲ ಅಣ್ಣ."

ಎರಡು ಪುಟದ ಕರಾರಿನಲ್ಲಿ ಟೈರಿಗೆ ಎಷ್ಟು ಗಾಳಿ ಎಂಬುದೂ ಇತ್ತು. ಹವಾಮಾನಕ್ಕೆ ಕೆಟ್ಟ ಸರದಿ ಏನಾಗುತ್ತದೆ ಎಂಬುದು ಮಾತ್ರ ಇರಲಿಲ್ಲ. ಬರೆಯುವ ಅಗತ್ಯವಿದೆ ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

ಇಬ್ಬರೂ ಕಿರಣನ ಕಡೆ ತಿರುಗಿದರು. ಅವನು ಮರದ ಬೆಂಚಿನ ಮೇಲೆ ಕೂತು, ತಮ್ಮ ಊರಿನಲ್ಲಿ ಶುಂಠಿ ತೊಳೆಯುವ ಮಿಷನ್ನಿಗೆ ಯಾರು ಮೊದಲು ಬರುತ್ತಾರೋ ಅವರದೇ ಸರದಿ ಎಂದ. ಹಾಗಾದರೆ ಆರೂ ಇಪ್ಪತ್ತಕ್ಕೆ ಬಂದವಳು ತಾನು ಎಂದಳು ಶೋಭಾ. ಬ್ಯಾಟರಿ ಹಿಡಿದುಕೊಂಡವನು ನಿನ್ನೆಯಿಂದಲೇ ಸಾಲಿನಲ್ಲಿದ್ದಾನೆ ಎಂದರು ಬಸವಪ್ರಸಾದ್. ಕಿರಣ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ.

ಒಂಬತ್ತೂ ಮೂವತ್ತೈದಕ್ಕೆ ಮಂಜು ಹರಿಯಿತು. ಮೊದಲು ಬೇಲಿ, ಆಮೇಲೆ ನೀಲಗಿರಿ ಸಾಲು, ಆಮೇಲೆ ರಸ್ತೆ ಕಂಡವು. ಬಸವಪ್ರಸಾದ್ ಬ್ಯಾಟರಿ ಎತ್ತಿ ತಂದು ಕೂರಿಸತೊಡಗಿದರು. ಯಾರು ಹಾರಿದರೂ ಅದು ಬೇಕೇ ಬೇಕಲ್ಲ ಎಂದು ಅವಳು ಸ್ಪ್ಯಾನರು ಕೊಟ್ಟಳು.

ಕೊಡುವಾಗ ಕಿರಣನ ತೊಡೆಯ ಮೇಲಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಜುಲೈ ಪುಟ ತೆರೆದಿತ್ತು. ಅವನು ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತಾ ಬಂದು, ಅವಳು ನೋಡಿದ್ದು ಕಂಡ ಕೂಡಲೇ ಕೈ ಮಡಚಿದ. ಅವನು ಎಣಿಸಿದ್ದಾನೆ ಅಂತ ಅವಳಿಗೆ ಗೊತ್ತಾಯಿತು. ಅವನ ಭಾಮೈದ ವರ್ಷದಿಂದ ವಿಮಾನದಲ್ಲಿ ಪಾಲು ಕೇಳುತ್ತಿರುವುದೂ ನೆನಪಾಯಿತು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಹೇಳಿದರೂ ಕಷ್ಟವೇ. ಹೇಳಿದ ಮೇಲೂ ಬಸವಪ್ರಸಾದ್ ತಮ್ಮ ಸರದಿ ತಮ್ಮದೇ ಎಂದರೆ, ಸೋಮವಾರ ಅವಳೇ ಬರೆಸಿದ ಷರತ್ತನ್ನು ಅವಳ ಮುಂದೆ ಓದುತ್ತಾರೆ. ಅವಳು ಬ್ಯಾರನ್ನಿನ ಮಾತು ಬಿಟ್ಟು ನಾಲೆಯ ಮಾತು ಹಿಡಿದಳು.

"ಅಣ್ಣ, ನಿಮ್ ನಾಲೇಲಿ ಸರದಿ ನಿಮ್ದೇ ಅನ್ಕಳಿ. ಕೊನೇಲಿರೋನ್ ಭತ್ತ ಹೊಡೆ ಬಂದು ತೆನೆ ಬುಡಕ್ಕೆ ನಿಂತೈತೆ, ಅವತ್ತು ನೀರಿಲ್ದಿದ್ರೆ ಒಣಗೋಯ್ತದೆ. ಆಗೇನ್ ಮಾಡ್ತೀರಿ?"

ಬಸವಪ್ರಸಾದ್ ನಟ್ಟು ತಿರುಗಿಸುತ್ತಲೇ ಹೇಳಿದರು. "ಅವನಿಗೆ ಬುಡ್ತೀವಿ. ಅದ್ರಲ್ಲೇನೈತೆ ಕೇಳಕ್ಕೆ? ನಮ್ದು ಅವನ್ ಹಿಂದಕ್ಕೋಯ್ತದೆ."

"ನಂದು ಇವತ್ತು ಒಣಗ್ತದೆ ಅಣ್ಣ. ಜುಲೈ ಹದ್ಮೂರಕ್ಕೆ ಹಾರಿದ್ದೇ ಕೊನೆ."

ಸ್ಪ್ಯಾನರು ನಿಂತಿತು. ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಗಿರಣಿ ನಡೆಸುವವರು, ಹೊತ್ತು ಹಿಡಿಯಲಿಲ್ಲ. ಆಮೇಲೆ ಅವಳನ್ನು ಬಿಟ್ಟು ಬೆಂಚಿನ ಕಡೆ ನೋಡಿದರು.

"ಬುಕ್ಕು ನಿನ್ ತಾವ್ತಾನೆ ಇರೋದು? ನೀನ್ಯಾಕ್ಲಾ ಯೋಳ್ನಿಲ್ಲ?"

"ನೀವು ಕೇಳ್ನಿಲ್ವಲ್ಲಣ್ಣ" ಎಂದ ಕಿರಣ್.

ಬಸವಪ್ರಸಾದ್ ಕೊನೆಯ ನಟ್ಟು ಬಿಗಿ ಮಾಡಿ, ಕೈ ಒರೆಸಿಕೊಂಡು, ಜೇಬಿನಿಂದ ಫೋನು ತೆಗೆದರು. ಗಿರಣಿಯವರಿಗೆ ಮಾಡಿ, ಎಲ್ಲರೂ ತಾರಸಿಯಿಂದ ಇಳಿಯಿರಿ, ಕೆಂಪಾಜತ್ತೆಯನ್ನು ಹುಷಾರಾಗಿ ಇಳಿಸಿ ಎಂದರು. ಆ ಕಡೆಯವರು ಏನೋ ಜೋರಾಗಿ ಕೇಳಿದರು. "ಏನೂ ಕೆಟ್ಟಿಲ್ಲ ಕಣಯ್ಯ, ಒಬ್ಬರದು ಒಣಗ್ತಾ ಇತ್ತು, ಬುಟ್ಟೆ" ಎಂದು ಇಟ್ಟರು. ಆಮೇಲೆ ಅವಳಿಗೆ, "ಓಗಮ್ಮ, ಗಾಳಿ ಏಳ್ತದೆ" ಎಂದರು.

ಅವಳು ಹತ್ತೂ ನಾಲ್ಕಕ್ಕೆ ನೆಲ ಬಿಟ್ಟು ಮೇಲೆದ್ದಳು. ಹನಗೋಡಿನಾಚೆ ಕಾಡು, ಆ ಕಡೆ ಹೋಗುವಂತಿಲ್ಲ. ಎಡಕ್ಕೆ ತಿರುಗಿ, ಹೊಳೆಯ ಮೇಲೆ ಇನ್ನೂ ಮಲಗಿದ್ದ ಮಂಜಿನ ಪಟ್ಟಿಯನ್ನು ಅನುಸರಿಸಿ ಹೋಗಿ, ಒಂದು ದೊಡ್ಡ ಸುತ್ತು ಹಾಕಿದಳು. ಮೂರು ತಿಂಗಳು ಬ್ಯಾರನ್ನಿನ ಒಲೆ ಮುಂದೆ ಕೂತ ಮುಖಕ್ಕೆ ತಣ್ಣನೆ ಗಾಳಿ ಹೊಡೆಯಿತು. ಯಾರೂ ಏನೂ ಕೇಳದ ಹದಿನಾಲ್ಕು ನಿಮಿಷ. ಇಳಿಯುವಾಗ ವಿಮಾನ ಒಮ್ಮೆ ಕುಪ್ಪಳಿಸಿತು. ಕಿರಣ್ ಪುಸ್ತಕದಲ್ಲಿ ಹೊತ್ತು ಬರೆದು, ಅವಳ ಸಹಿ ಹಾಕಿಸಿಕೊಂಡ.

ಹತ್ತೂ ಇಪ್ಪತ್ತೆಂಟಕ್ಕೆ ಗಾಳಿಯ ದಿಕ್ಕು ತೋರಿಸುವ ಚೀಲ ಉಬ್ಬಿ ಕಂಬಕ್ಕೆ ಅಡ್ಡಲಾಗಿ ನಿಂತಿತು. ಮೂವರೂ ಸೇರಿ ವಿಮಾನವನ್ನು ಶೆಡ್ಡಿಗೆ ತಳ್ಳಿದರು.

ಮುಂದಿನ ಶನಿವಾರ ಕಿರಣನ ಸರದಿಯಾಗಿತ್ತು. ಅಂದು ಬೆಳಿಗ್ಗೆ ಎಂಟೂ ನಲವತ್ತಕ್ಕೆ, ಶೋಭಾಳ ಹಿಂದಿನ ಸರದಿ ತಮ್ಮದೆಂದು, ಬಸವಪ್ರಸಾದ್ ಹಾರಿದರು.