ಒಲೆಯ ಮೇಲಿಟ್ಟ ಇನ್ಸುಲಿನ್

೧೯೮೪ನೇ ಇಸವಿ ಜುಲೈ ೧೨, ಗುರುವಾರ, ಬೆಳಗ್ಗೆ ಎಂಟೂವರೆ. ಹೊಸನಗರದ ಹತ್ತಿರದ ಒಂದು ಹಳ್ಳಿಯಲ್ಲಿ ಯಮುನಮ್ಮ ಗಾಜಿನ ನಳಿಕೆಯನ್ನು ದೀಪದ ಉರಿಗೆ ಹಿಡಿದಿದ್ದಳು. ಸಕ್ಕರೆ ಕಾಯಿಲೆಯ ಮಗಳು ಮಹಾಲಕ್ಷ್ಮಿಯ ಮೂತ್ರದ ಹನಿ ಬಿದ್ದ ನೀಲಿ ದ್ರಾವಣ ಕುದಿದು ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆ ಕೆಂಪಿಗೆ ನಿಂತಿತು. ವಿಪರೀತ ಸಕ್ಕರೆ. ಹನ್ನೊಂದು ವರ್ಷದ ಹುಡುಗಿ ಇನ್ನೊಂದು ಚೊಂಬು ನೀರು ಕುಡಿದು ಗೋಡೆಗೆ ಒರಗಿದಳು.

“ದಿನಾ ಚುಚ್ಚಿದ್ದೇ ಬಂತು,” ಎಂದ ಗಂಡ ಮಾಸ್ತಪ್ಪ. “ಆ ಸೂಜಿ ಸಾಕು. ನಾಳೆಯಿಂದ ಕಹಿ ಕಷಾಯ ಕೊಡಾನ.”

ಇನ್ಸುಲಿನ್ ಸೂಜಿ ನಿಲ್ಲಿಸಿದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಚುಚ್ಚಿದರೂ ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ಯಮುನಮ್ಮ ಕೆಂಪು ನಳಿಕೆಯನ್ನೇ ತಿರುಗಿಸಿ ನೋಡಿದಳು.

ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ಸರೋಜ ಛತ್ರಿ ಮಡಚುತ್ತಾ ಬಂದಳು. “ಔಷಧಿ ಬಾಟ್ಲಿ ತೋರ್ಸಿ, ಯಮುನಕ್ಕ.”

ಯಮುನಮ್ಮ ಮಣೆ ಹತ್ತಿ ಒಲೆಯ ಮೇಲಿನ ಅಟ್ಟದಿಂದ ಬಾಟಲಿ ತೆಗೆದಳು. ಮಳೆಗಾಲದಲ್ಲಿ ಉಪ್ಪು, ಬೆಂಕಿಪೊಟ್ಟಣ, ಬೀಜ ಎಲ್ಲಕ್ಕೂ ಆ ಮನೆಯಲ್ಲಿ ಅದೇ ಜಾಗ. ಥಂಡಿ ಹಿಡಿಯಬಾರದೆಂದು ಇನ್ಸುಲಿನ್ನನ್ನೂ ಜೋಪಾನವಾಗಿ ಅಲ್ಲೇ ಇಟ್ಟಿದ್ದಳು.

ಸರೋಜ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡಳು. “ಅಯ್ಯೋ, ಬೆಚ್ಚಗಿದೆಯಲ್ಲ ಅಕ್ಕಾ! ಬಿಸಿ ತಾಗಿದ್ರೆ ಇದರ ಸತ್ವ ಹೋಗುತ್ತೆ. ಬರೀ ನೀರು ಚುಚ್ಚಿದ ಹಾಗೆ.”

“ನಾನೇ ನನ್ನ ಕೂಸಿಗೆ…” ಯಮುನಮ್ಮ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

“ಎಲ್ಲಿಡ್ತೀರಿ ಅಂತ ನಾನೂ ಕೇಳಿರ್ಲಿಲ್ಲ. ಅಳೋದು ಆಮೇಲೆ. ಮೊದ್ಲು ಬಸ್ಸು ಹಿಡೀರಿ, ಸಾಗರದ ಆಸ್ಪತ್ರೆಗೆ ನಾನೂ ಬರ್ತೀನಿ.”

ಬಸ್ಸಿನಲ್ಲಿ ಮಾಸ್ತಪ್ಪ ಮೆಲ್ಲಗೆ ಕೇಳಿದ: “ಅಲ್ಲ ಸಿಸ್ಟ್ರೇ, ಜೀವ ಇರೋ ತನಕ ಚುಚ್ಚಬೇಕಾ ಇದಕ್ಕೆ?”

“ಇನ್ಸುಲಿನ್ ಮಾಡೋ ಜೀವಕೋಶಗಳು ಇವಳ ಮೈಯಲ್ಲಿ ನಾಶ ಆಗಿವೆ. ವಿಜ್ಞಾನಿಗಳು ಒಂದು ಇಲಿಯ ಅಂಥ ಕೋಶ ಇನ್ನೊಂದು ಇಲಿಗೆ ಹಾಕಿ ಸಕ್ಕರೆ ಇಳಿಸಿದ್ದಾರಂತೆ. ಮುಂದೊಂದು ದಿನ ಎಳೇ ಕೋಶಗಳನ್ನ ಬೆಳೆಸಿ, ಇನ್ಸುಲಿನ್ ಕೊಡೋ ಹಾಗೆ ಪಳಗಿಸಿ, ಮನುಷ್ಯರಿಗೂ ಹಾಕಬಹುದು ಅಂತ ನಮ್ಮ ಡಾಕ್ಟರು ಹೇಳ್ತಿದ್ರು.”

“ಮಡಿಯಲ್ಲಿ ಸಸಿ ಬೆಳೆಸಿ ಗದ್ದೆಗೆ ನೆಟ್ಟ ಹಾಗಾ?”

“ಹಾಗೇ. ಆದ್ರೆ ಬೀಜ ಇನ್ನೂ ಮೊಳೆತಿಲ್ಲ.”

ಮಾಸ್ತಪ್ಪ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. “ಹೊಸ ಭತ್ತ ಬರೋ ತನಕ ಹಳೇ ಅಕ್ಕಿ ಉಣ್ಣಾದಪ್ಪ. ಸೂಜಿ ನಿಲ್ಸಾದಿಲ್ಲ ಬಿಡಿ.”

ಆಸ್ಪತ್ರೆಯಲ್ಲಿ ಹೊಸ ಇನ್ಸುಲಿನ್ ಕೊಟ್ಟ ಮೇಲೆ ಹುಡುಗಿ ಚೇತರಿಸಿಕೊಂಡಳು. ಮನೆಗೆ ಬಂದವರೇ ದೊಡ್ಡ ಮಡಕೆಗೆ ಒದ್ದೆ ಮರಳು ತುಂಬಿ, ನಡುವೆ ಮುಚ್ಚಳವಿರುವ ಕುಡಿಕೆಯಿಟ್ಟು, ತಂಪಾಗಿರಲೆಂದು ಬಾಟಲಿಯನ್ನು ಅದರೊಳಗಿಟ್ಟರು. ಮರಳಿಗೆ ನೀರು ಚಿಮುಕಿಸುವ ಕೆಲಸ ಮಾಸ್ತಪ್ಪನದು. ಮರೆತರೆ, “ಅಪ್ಪಾ, ನನ್ನ ಗದ್ದೆ ಒಣಗ್ತು!” ಎಂದು ಮಹಾಲಕ್ಷ್ಮಿ ಕೂಗುತ್ತಾಳೆ.

ನಿಮ್ಮ ಮನೆಯಲ್ಲೂ ಇನ್ಸುಲಿನ್ ಇದ್ದರೆ ಇವತ್ತೇ ಎದ್ದು ನೋಡಿ, ಅದು ಎಲ್ಲಿದೆ? ಒಲೆಯಿಂದ, ಬಿಸಿಲಿನಿಂದ ದೂರವಿಡಿ. ಡಾಕ್ಟರನ್ನು ಕೇಳದೆ ಸೂಜಿ ನಿಲ್ಲಿಸಬೇಡಿ. ಹೊಸ ಚಿಕಿತ್ಸೆ ಬರುವ ದಿನ ಅದನ್ನು ಪಡೆಯಲು ನಮ್ಮ ಮಕ್ಕಳು ಇರಬೇಕು. ಮರು ತಿಂಗಳ ಪರೀಕ್ಷೆಯಲ್ಲಿ ಮಹಾಲಕ್ಷ್ಮಿಯ ರಕ್ತದ ಸಕ್ಕರೆ ಹತೋಟಿಗೆ ಬಂದಿತ್ತು: ನೂರು ಮಿಲಿಲೀಟರಿಗೆ ೧೪೨ ಮಿಲಿಗ್ರಾಂ.