ಐದನೆಯ ಬಾಟಲಿ

ಪೆಟ್ಟಿಗೆಯನ್ನು ಕೈಯಿಂದ ತಳ್ಳಿದರೆ ಜಗ್ಗಲಿಲ್ಲ. ಅವಳು ಮಂಚದ ಅಂಚು ಹಿಡಿದುಕೊಂಡು, ಹಿಮ್ಮಡಿ ಊರಿ, ಜೋರಾಗಿ ಒಮ್ಮೆ ಒದ್ದಳು. ಒಳಗೆ ಗಾಜಿಗೆ ಗಾಜು ತಾಗಿ ಸದ್ದಾಯಿತು. ಪೆಟ್ಟಿಗೆ ಮಂಚದಡಿ ಜಾರಿ ಗೋಡೆಗೆ ಹೋಗಿ ನಿಂತಿತು. ಅದರ ಮುಂದೆ ಹಳೆಯ ಸೂಟ್‌ಕೇಸ್ ಅಡ್ಡ ಇಟ್ಟು, ಹೊದಿಕೆಯನ್ನು ನೆಲ ಮುಟ್ಟುವ ಹಾಗೆ ಎಳೆದುಬಿಟ್ಟಳು.

"ಏನೇ ಅದು ಸದ್ದು?" ಅಕ್ಕ ಬಾಗಿಲಿಗೆ ಬಂದಳು.

"ಏನಿಲ್ಲ ಅಕ್ಕ."

"ಆ ಬಾಟಲಿ ಸಂತೆ ತಾನೆ? ಮುಚ್ಚಿಟ್ಟಿದ್ದು ಒಳ್ಳೇದಾಯ್ತು ಬಿಡು. ನಿಮ್ಮ ಸ್ಕೂಲಿನವರೆಲ್ಲ ಬರ್ತಾರೆ. ಬದುಕಿದ್ದಾಗಂತೂ ಮಾನ ಹರಾಜಿಗಿಟ್ಟ, ಇವತ್ತೊಂದು ದಿನವಾದ್ರೂ ಮರ್ಯಾದೆಯಾಗಿ ಕಳಿಸ್ಕೊಡೋಣ."

ನಡುಮನೆಯಲ್ಲಿ ಗಂಡನನ್ನು ಮಲಗಿಸಿದ್ದರು. ನಿನ್ನೆ ಮಧ್ಯಾಹ್ನ ಊಟ ಮಾಡಿ ಕೈ ತೊಳೆಯಲು ಎದ್ದವನು ನಲ್ಲಿಯ ಬುಡದಲ್ಲೇ ಕುಸಿದಿದ್ದ. ನಲ್ಲಿ ತಿರುಗಿಸಿದ್ದು ತಿರುಗಿಸಿದ ಹಾಗೇ ಇತ್ತು. ಹೃದಯ ನಿಂತಿತು ಎಂದರು ಡಾಕ್ಟರು. ಹನ್ನೊಂದು ಗಂಟೆಗೆ ಗಾಡಿ ಬರುವುದಿತ್ತು.

ತಾನು ಟೀಚರಾಗಿದ್ದ ಸ್ಕೂಲಿನಲ್ಲಿ ಅವಳು ಹೇಳಿಕೊಂಡು ಬಂದಿದ್ದೇ ಬೇರೆ. ನಮ್ಮ ಯಜಮಾನರು ಗಾಜಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಪುರುಸೊತ್ತೇ ಇರಲ್ಲ ಎಂದಿದ್ದಳು. ಅವನು ಸೂಪರ್‌ವೈಸರ್ ಆಗಿದ್ದವನೇ ಅಲ್ಲ. ಫ್ಯಾಕ್ಟರಿಯ ಕೆಲಸ ಬಿಟ್ಟೇ ಆರು ವರ್ಷವಾಗಿತ್ತು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಕಾವಲಿಗಿಟ್ಟು ಅವಳು ಆರು ವರ್ಷ ತಳ್ಳಿದ್ದಳು.

* * *

ಫ್ಯಾಕ್ಟರಿಯಲ್ಲಿ ಅವನ ಕೆಲಸ ಬಾಟಲಿ ತಟ್ಟುವುದು. ಉದ್ದನೆಯ ಬೆಲ್ಟಿನ ಮೇಲೆ ಬಾಟಲಿಗಳು ಸಾಲಾಗಿ ಸಾಗಿಬರುತ್ತವೆ; ಅವನು ಒಂದು ಸ್ಟೂಲಿನ ಮೇಲೆ ಕೂತು, ಗೇಣುದ್ದದ ಕೋಲಿನಿಂದ ಒಂದೊಂದನ್ನೇ ತಟ್ಟಬೇಕು. ಠಣ್ ಎಂದರೆ ಮುಂದಕ್ಕೆ. ಠಕ್ ಎಂದರೆ ಕಣ್ಣಿಗೆ ಕಾಣದ ಬಿರುಕಿದೆ ಎಂದು ಅರ್ಥ, ಎತ್ತಿ ಎಡಗಡೆಯ ಬುಟ್ಟಿಗೆ. ಇಪ್ಪತ್ತಾರು ವರ್ಷ ಇದೇ ಠಣ್, ಇದೇ ಠಕ್.

ಕೆಲಸ ಮನೆಯವರೆಗೂ ಹಿಂಬಾಲಿಸಿಕೊಂಡು ಬಂದಿತ್ತು. ಯಾರ ಮನೆಗೆ ಹೋದರೂ ಚಹಾದ ಕಪ್ಪನ್ನು ಉಗುರಿನಿಂದ ಒಮ್ಮೆ ತಟ್ಟಿಯೇ ತುಟಿಗಿಡುತ್ತಿದ್ದ. ಮದುವೆಗೆ ಮುಂಚೆ ಅವಳ ಮನೆಗೆ ಮೊದಲ ಸಲ ಬಂದಾಗ, "ಈ ಕಪ್ಪು ಬಹಳ ದಿನ ಬಾಳಲ್ಲ" ಎಂದುಬಿಟ್ಟಿದ್ದ. ಅಪ್ಪನ ಮುಖ ಹುಳ್ಳಗಾಯಿತು. ವಾರ ಕಳೆಯುವುದರೊಳಗೆ ಕಪ್ಪು ಎರಡು ಹೋಳಾಯಿತು. "ಹುಡುಗನ ಕಿವಿ ಚುರುಕು, ಬಾಯಿಗೊಂದು ಬೀಗ ಬೇಕು" ಎಂದು ಅಪ್ಪ ನಕ್ಕು ಒಪ್ಪಿದ್ದರು.

ಇಪ್ಪತ್ತೇಳನೆಯ ವರ್ಷದ ಒಂದು ಬೆಳಿಗ್ಗೆ ಅವನು ಕೆಂಪು ಗುಂಡಿ ಒತ್ತಿ ಬೆಲ್ಟನ್ನೇ ನಿಲ್ಲಿಸಿದ. ಯಾರದೋ ಕೈ ಸಿಕ್ಕಿಕೊಂಡಿತೆಂದು ಫೋರ್‌ಮನ್ ಓಡಿಬಂದ. ಇವನು ಕಣ್ಣು ಮುಚ್ಚಿ ಕೂತಿದ್ದ.

"ಸ್ವಲ್ಪ ತಡೀರಿ ಸಾರ್, ಕೇಳಿಸ್ಕೊಳ್ತಾ ಇದೀನಿ."

ಒಂದರ ಹಿಂದೊಂದು ಬಂದ ನಾಲ್ಕು ಬಾಟಲಿಗಳು ಒಂದು ಹಾಡಿನ ಮೊದಲ ನಾಲ್ಕು ಸ್ವರದ ಹಾಗೆ ನುಡಿದವಂತೆ. ಐದನೆಯದು ಹೇಗಿರಬೇಕು ಎಂದು ಯೋಚಿಸಲು ಅವನಿಗೆ ಸಮಯ ಬೇಕಿತ್ತು, ಅಷ್ಟೇ. ಆ ಸಂಜೆಯೇ ರಾಜೀನಾಮೆ ಬರೆದುಕೊಟ್ಟು ಬಂದ. ಬರುವಾಗ ಎಡಗಡೆಯ ಬುಟ್ಟಿಯ ಪಕ್ಕ ಬಿದ್ದಿದ್ದ ತನ್ನ ಕೋಲನ್ನು ಮಾತ್ರ ಕೇಳಿ ತಂದಿದ್ದ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದಳು ಅಕ್ಕ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅವನು ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಎಂಟು ಬಾಟಲಿ ಹೊಂದಿಸಿದ. ಐದನೆಯದೊಂದು ಒಂದು ವರ್ಷ ಸಿಗಲಿಲ್ಲ. ಕೊನೆಗೆ ಒಂದು ದಿನ ಅವಳ ತಲೆಗೆಣ್ಣೆಯ ಬಾಟಲಿಯನ್ನು ಸುಮ್ಮನೆ ತಟ್ಟಿದವನು ಕೂತಲ್ಲಿಂದ ಎದ್ದುನಿಂತ. ಅಷ್ಟೂ ಎಣ್ಣೆಯನ್ನು ಲೋಟಕ್ಕೆ ಸುರಿದು, ಬಾಟಲಿ ತೊಳೆದು, ಮಗುವಿನ ಹಾಗೆ ಕುಣಿದ. ಅವಳು ಎಣ್ಣೆಯ ಲೋಟ ಹಿಡಿದು ಬೈದಿದ್ದೇ ಬೈದಿದ್ದು.

* * *

ಒಂಬತ್ತೂವರೆಗೆ ಹೆಡ್‌ಮಿಸ್ಟ್ರೆಸ್ ಬಂದರು. ದೊಡ್ಡ ಹೂಗುಚ್ಛವನ್ನು ಅವನ ಕಾಲ ಬಳಿ ಇಟ್ಟು, ಕೈಮುಗಿದು, ಅವಳ ಪಕ್ಕದ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದರು.

"ನಿಮ್ಮ ಯಜಮಾನ್ರನ್ನ ನಾನು ಎಲ್ಲೋ ನೋಡಿದ ಹಾಗಿದೆಯಲ್ಲ."

ಅವಳು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಳು. ಸೆರಗು ಸರಿಮಾಡಿಕೊಳ್ಳುವ ನೆಪವಾಯಿತು. "ಒಬ್ಬರ ಹಾಗೆ ಒಬ್ಬರು ಇರ್ತಾರಲ್ಲ, ಮೇಡಂ."

"ಅದೂ ನಿಜ ಅನ್ನಿ," ಎಂದರು ಹೆಡ್‌ಮಿಸ್ಟ್ರೆಸ್. ಆದರೆ ಕಣ್ಣನ್ನು ಅವನ ಮುಖದಿಂದ ಕೀಳಲಿಲ್ಲ.

* * *

ಮೂರು ವರ್ಷದ ಹಿಂದೆ, ಲೈಬ್ರರಿಯ ಎದುರಿನ ಫುಟ್‌ಪಾತಿನಲ್ಲಿ. ಹೆಡ್‌ಮಿಸ್ಟ್ರೆಸ್ ಜೊತೆ ಸ್ಕೂಲಿಗೆ ಪುಸ್ತಕ ಆರಿಸಿಕೊಂಡು ಅವಳು ಮೆಟ್ಟಿಲಿಳಿಯುತ್ತಿದ್ದಳು. ಕೆಳಗೆ ಒಂದು ಸಣ್ಣ ಗುಂಪು. ನಡುವೆ, ನೀರು ತುಂಬಿದ ಒಂಬತ್ತು ಬಾಟಲಿಗಳನ್ನು ಅರ್ಧಚಂದ್ರದ ಹಾಗೆ ಜೋಡಿಸಿಕೊಂಡು ಅವನು ನುಡಿಸುತ್ತಿದ್ದ. ಮನೆಯಲ್ಲಿ ಕಿಟಕಿ ಮುಚ್ಚಿಸಿ ನುಡಿಸಲು ಬಿಡುತ್ತಿದ್ದಳೇ ಹೊರತು, ಹೀಗೆ ಬೀದಿಯಲ್ಲಿ ಕೂರುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಭೂಮಿ ಬಾಯಿಬಿಟ್ಟರೆ ಇಳಿದುಬಿಡಬೇಕು ಅನ್ನಿಸಿತು.

"ಎಷ್ಟು ಚೆನ್ನಾಗಿ ನುಡಿಸ್ತಾನೆ ನೋಡ್ರೀ," ಎಂದರು ಹೆಡ್‌ಮಿಸ್ಟ್ರೆಸ್. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿ ಮುಖ ಅರಳಿಸಿದ. "ನಿಮ್ಮನ್ನೇ ನೋಡ್ತಿದಾನಲ್ಲ. ಪರಿಚಯಾನಾ?"

"ನನಗೇನಾಗಬೇಕು ಮೇಡಂ? ಯಾರೋ ಪಾಪ, ತಲೆ ಕೆಟ್ಟಿರಬೇಕು."

ಅವನಿಗೆ ಕೇಳಿಸಿತು. ಬಿರುಕು ಹಿಡಿಯುವ ಕಿವಿ ಅದು, ಕೇಳಿಸದೆ ಇರುತ್ತದೆಯೇ? ಹೆಡ್‌ಮಿಸ್ಟ್ರೆಸ್ ಪರ್ಸು ತೆಗೆದು ಅವನ ಮುಂದೆ ಒಂದು ನಾಣ್ಯ ಹಾಕಿದರು. ಹಾಕದಿದ್ದರೆ ಅನುಮಾನ ಬಂದೀತೆಂದು ಅವಳೂ ಒಂದು ಹಾಕಿದಳು. ಅವನು ಇಬ್ಬರಿಗೂ ಒಂದೇ ರೀತಿ ಕೈಮುಗಿದ. ಗುರುತಿಲ್ಲದವರಿಗೆ ಮುಗಿಯುವ ಹಾಗೆ.

ಆ ಸಂಜೆ ಜಗಳವಾಗಬಹುದೆಂದು ಅವಳು ಮಾತುಗಳನ್ನೆಲ್ಲ ಹರಿತಮಾಡಿಕೊಂಡು ಕಾದಿದ್ದಳು. ಅವನು ಉಂಡು, ತಟ್ಟೆ ತೊಳೆದಿಟ್ಟು, "ಆ ಬಿಸಿಲಲ್ಲಿ ಅಷ್ಟು ಪುಸ್ತಕ ಹೊತ್ತಿದೀಯ, ಭುಜ ನೋಯ್ತಿಲ್ವಾ?" ಎಂದಷ್ಟೇ ಕೇಳಿದ. ಮರುದಿನದಿಂದ ಲೈಬ್ರರಿಯ ಎದುರು ಅವನು ಕಾಣಲಿಲ್ಲ. ಎಲ್ಲಿಗೆ ಹೋಗುತ್ತಾನೆಂದು ಅವಳು ಕೇಳಲೂ ಇಲ್ಲ. ಕೇಳದೆ ಇದ್ದರೆ ಗೊತ್ತಿಲ್ಲ ಎನ್ನಬಹುದಲ್ಲ.

* * *

ಹತ್ತೂವರೆಯ ಹೊತ್ತಿಗೆ ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು. ಮುಂದೆ ಇದ್ದವನ ಬೆರಳುಗಳಿಗೆ ಕಪ್ಪು ಪಾಲಿಶ್ ಮೆತ್ತಿತ್ತು, ಚಪ್ಪಲಿ ಹೊಲಿಯುವವನು. ಹಿಂದೆ ಯೂನಿಫಾರಂ ತೊಟ್ಟ ಒಬ್ಬ ನರ್ಸು, ಊರುಗೋಲಿನ ಮುದುಕ, ಅವನ ಕೈ ಹಿಡಿದ ಮುದುಕಿ.

"ಸೇತುವೆ ಆಚೆ ದೊಡ್ಡಾಸ್ಪತ್ರೆ ಹತ್ರದಿಂದ ಬಂದ್ವಿ," ಎಂದ ಚಪ್ಪಲಿ ಹೊಲಿಯುವವನು. "ನಿನ್ನೆ ಸಂಜೆ ಅವರು ಬರ್ಲೇ ಇಲ್ಲ. ಮಳೆ ಬಂದ್ರೂ ತಪ್ಪಿಸ್ತಿರ್ಲಿಲ್ಲ. ವಿಚಾರಿಸ್ಕೊಂಡು ಬಂದ್ವಿ. ನೀವು ಅವರಿಗೆ ಏನಾಗ್ಬೇಕಮ್ಮಾ?"

ಹೆಡ್‌ಮಿಸ್ಟ್ರೆಸ್ ತಿರುಗಿ ನೋಡಿದರು.

"ನಿನ್ನೆಯಿಂದ ಆಸ್ಪತ್ರೆ ಗೇಟು ಬಿಕೋ ಅಂತಿದೆ," ಅವನೇ ಮುಂದುವರಿಸಿದ. "ಒಳಗೆ ಹೋಗಕ್ಕೆ ಕಾಯ್ತಾ ಕೂತವರಿಗೆ ಇವರೇ ಧೈರ್ಯ. ಇಷ್ಟು ದೂರ ಪೆಟ್ಟಿಗೆ ಹೊತ್ಕೊಂಡು ಯಾಕ್ ಬರ್ತೀರಿ, ಮನೆ ಹತ್ರಾನೇ ನುಡಿಸಬಾರದಾ ಅಂತ ಕೇಳಿದ್ದೆ. ಅಲ್ಲಿ ನಮ್ಮ ಟೀಚರಮ್ಮನ ಸ್ಕೂಲಿದೆ, ಮಕ್ಕಳೆಲ್ಲ ಪಾಠ ಬಿಟ್ಟು ಓಡಿಬಂದ್ರೆ ಅವಳು ನನ್ನ ಕಿವಿ ಹಿಂಡ್ತಾಳೆ ಅಂದ್ರು." ಅವನು ನಗಲು ಹೋಗಿ ಕಣ್ಣೊರೆಸಿಕೊಂಡ. "ಕಳಿಸೋಕೆ ಮುಂಚೆ ಆ ಬಾಟಲಿಗಳನ್ನ ಒಂದ್ಸಲ ನೋಡ್ಬೋದಾ?"

ಅಕ್ಕ ಮುಂದೆ ನುಗ್ಗಿದಳು. "ಯಾವ ಬಾಟಲೀನಪ್ಪಾ? ಇಲ್ಲಿ ಯಾರೂ ಏನೂ ನುಡಿಸ್ತಿರಲಿಲ್ಲ. ನೀವು ಬೇರೆ ಯಾರದೋ ಮನೆಗೆ ಬಂದಿದೀರಿ."

ಚಪ್ಪಲಿ ಹೊಲಿಯುವವನು ಗಲಿಬಿಲಿಗೊಂಡ. ಅವನು ನಿಂತಲ್ಲಿಗೆ ಹೂವಿನ ರಾಶಿಯ ಆಚೆಯ ಮುಖ ಕಾಣುತ್ತಿರಲಿಲ್ಲ. "ತಪ್ಪಾಯ್ತು ತಾಯಿ," ಎಂದು ಕೈಮುಗಿದು ಹಿಂದೆ ಸರಿದ.

ಆ ಮುಗಿದ ಕೈ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಮನೆ ಸರಿಯಾಗೇ ಇದೆ," ಎಂದಳು. ದನಿ ಅವಳದೇ ಅನ್ನಿಸಲಿಲ್ಲ. "ಒಳಗೆ ಬನ್ನಿ. ನಾನವರ ಹೆಂಡತಿ."

ಕೋಣೆಗೆ ಹೋಗಿ, ಸೂಟ್‌ಕೇಸ್ ಎಳೆದುಹಾಕಿ, ಮಂಚದಡಿ ಮಂಡಿಯೂರಿ ಪೆಟ್ಟಿಗೆಯನ್ನು ತೆಗೆದಳು. ನಡುಮನೆಗೆ ತಂದು ಅವನ ತಲೆಯ ಬಳಿ ನೆಲದ ಮೇಲಿಟ್ಟಳು. ಚಪ್ಪಲಿ ಹೊಲಿಯುವವನು ಅವನ ಮುಖ ನೋಡಿ ಒಂದು ಗಳಿಗೆ ನಿಂತ. ಆಮೇಲೆ ಪಕ್ಕದಲ್ಲಿ ಕೂತ.

"ನೀರು ತುಂಬೋದು ದಿನಾ ನಾನೇ," ಎಂದು ಚೊಂಬು ಕೇಳಿ ಪಡೆದ. ಪ್ರತಿ ಬಾಟಲಿಯ ಮೇಲೂ ಅವಳ ಗಂಡ ಗೀಚಿದ್ದ ಸಣ್ಣ ಗೆರೆಯವರೆಗೆ ಹದವಾಗಿ ತುಂಬಿ, ಅರ್ಧಚಂದ್ರದ ಹಾಗೆ ಜೋಡಿಸಿದ. "ಇದೇ ನೋಡಿ ಐದನೇದು. ಟೀಚರಮ್ಮನ ಎಣ್ಣೆ ಬಾಟಲಿ. ಇದಿಲ್ದಿದ್ರೆ ನಂದು ಬರೀ ಗದ್ದಲ ಅಂತಿದ್ರು."

ಹೆಡ್‌ಮಿಸ್ಟ್ರೆಸ್ ಮೆಲ್ಲಗೆ ಅಂದರು, "ಲೈಬ್ರರಿ ಹತ್ರ..." ಅವಳು ಹೌದೆಂದು ತಲೆಯಾಡಿಸಿದಳು. ತಲೆ ಮೇಲೇಳಲಿಲ್ಲ.

"ಒಂದ್ಸಲ ನೀವೇ ತಟ್ಟೀಮ್ಮ," ಎಂದು ಚಪ್ಪಲಿ ಹೊಲಿಯುವವನು ಕೋಲನ್ನು ಅವಳ ಕೈಗಿಟ್ಟ. ಹಿಡಿಯುವ ಜಾಗ ಸವೆದು ನುಣುಪಾಗಿತ್ತು.

ಅವಳು ಎಡದಿಂದ ಶುರುಮಾಡಿದಳು. ಠಣ್. ಎರಡನೆಯದು, ಮೂರನೆಯದು, ನಾಲ್ಕನೆಯದು. ಮುದುಕಿ ಗುರುತು ಹಿಡಿದು ತುಟಿ ಅಲುಗಿಸಿದಳು. ಐದನೆಯದನ್ನು ತಟ್ಟಿದಳು.

ಠಕ್.

ಯಾರಿಗೂ ಅರ್ಥವಾಗಲಿಲ್ಲ. ಅವಳಿಗಾಯಿತು. ಇನ್ನೊಮ್ಮೆ ತಟ್ಟಿದಳು, ಬಹಳ ಮೆಲ್ಲಗೆ. ಅದೇ ಸದ್ದು.

"ಮೊನ್ನೆ ಸಂಜೆ ಸರಿಯಾಗೇ ಇತ್ತಲ್ಲ," ಎಂದ ಚಪ್ಪಲಿ ಹೊಲಿಯುವವನು.

"ಬೆಳಿಗ್ಗೆ ನಾನು ಒದ್ದೆ," ಎಂದಳು ಅವಳು, ಎಲ್ಲರಿಗೂ ಕೇಳಿಸುವ ಹಾಗೆ. "ನೀವ್ಯಾರೂ ನೋಡಬಾರದು ಅಂತ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಐದನೆಯ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ, ಅವನು ಇಪ್ಪತ್ತಾರು ವರ್ಷ ಮಾಡಿದ ಹಾಗೆ, ತನ್ನ ಎಡಗಡೆಗೆ ಇಟ್ಟುಕೊಂಡಳು. ಕಾಣದ ಬಿರುಕಿನಿಂದ ನೀರು ಜಿನುಗಿ ಅವಳ ಸೀರೆಯ ಅಂಚು ನೆನೆಸಿತು, ನೆಲದ ಮೇಲೆ ಗೆರೆಯಾಗಿ ಹೆಡ್‌ಮಿಸ್ಟ್ರೆಸ್ ಅವರ ಪಾದದತ್ತ ಹರಿಯಿತು. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಂಡರು. ಅಕ್ಕ ಬಟ್ಟೆ ತಂದಳು. ಒರೆಸಲು ಅವಳು ಬಿಡಲಿಲ್ಲ.