ಏರಿಳಿದು ಕೂಗಿದ ಸೈರನ್

ಅತ್ತಿಗೆಗೆ ತನ್ನ ಕೋಣೆಯ ಹೆಂಗಸನ್ನು ಕಂಡರೆ ಮೊದಲ ದಿನದಿಂದಲೂ ಭಯ.

ಅತ್ತಿಗೆ, ನಾದಿನಿ ಇಬ್ಬರೂ ಸಿಗಡಿ ಸುಲಿದು ಹೆಪ್ಪುಗಟ್ಟಿಸಿ ಪ್ಯಾಕ್ ಮಾಡುವ ಕಾರ್ಖಾನೆಗೆ ಒಟ್ಟಿಗೇ ಬಂದವರು. "ಇಬ್ಬರೂ ಹೋಗಿ, ಪರದೇಶದಲ್ಲಿ ಒಬ್ಬರಿಗೊಬ್ಬರು ಆಗ್ತೀರಿ" ಎಂದು ಕಳಿಸಿದ್ದು ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ. ಆದರೆ ಹಾಸ್ಟೆಲಿನ ವಾರ್ಡನ್ ಬೇರೆಯೇ ಲೆಕ್ಕ ಹಾಕಿಕೊಂಡಿದ್ದಳು. ಒಂದೇ ಭಾಷೆಯವರನ್ನು ಒಂದೇ ಕೋಣೆಗೆ ಹಾಕಿದರೆ ಮಾತು ಮುಗಿಯುವುದಿಲ್ಲ, ಬೆಳಗಿನ ಪಾಳಿಗೆ ಏಳುವುದಿಲ್ಲ ಎಂಬುದು ಅವಳ ಅನುಭವ. ಹಾಗಾಗಿ ನಾದಿನಿ ಕೆಳಗಿನ ಮಹಡಿಗೆ, ಅತ್ತಿಗೆ ಮೇಲಿನ ಮಹಡಿಗೆ. ಅತ್ತಿಗೆಯ ಜೊತೆಗೆ ಇನ್ಯಾವುದೋ ದೇಶದ, ಬಾಗಿಲಿನಷ್ಟು ಎತ್ತರದ, ನಗುವುದೇ ಗೊತ್ತಿಲ್ಲದ ಹೆಂಗಸು. ನಾದಿನಿ ಅವಳನ್ನು ನೋಡಿದ ದಿನವೇ "ಕಂಬ" ಎಂದು ಹೆಸರಿಟ್ಟಳು. ಆ ಹೆಸರೇ ನಿಂತುಹೋಯಿತು.

ಕಂಬದ ರೀತಿಗಳೂ ವಿಚಿತ್ರವಾಗಿದ್ದವು. ಹೊರಗಿನಿಂದ ಬಂದವಳೇ ಬಾಗಿಲಲ್ಲಿ ನಿಂತು ಮೂಗೆತ್ತಿ ವಾಸನೆ ಹಿಡಿಯುತ್ತಿದ್ದಳು. ತನ್ನ ತಲೆಯ ಎಣ್ಣೆ ಅವಳಿಗೆ ನಾತ ಹೊಡೆಯುತ್ತದೆಂದು ಅತ್ತಿಗೆಗೆ ಒಳಗೊಳಗೇ ಅವಮಾನವಾಗುತ್ತಿತ್ತು. ಕಂಬ ಕೋಣೆಯ ಮೂಲೆಯಲ್ಲಿ ಸದಾ ಒಂದು ಬಕೆಟ್ ನೀರು ತುಂಬಿಟ್ಟಿರುತ್ತಿದ್ದಳು. ಒಮ್ಮೆ ಅತ್ತಿಗೆ ಅದರಲ್ಲಿ ಬಟ್ಟೆ ನೆನೆಸಲು ಹೋದಾಗ ಕೈ ಹಿಡಿದು ಎಳೆದುಬಿಟ್ಟಿದ್ದಳು. ಇನ್ನೊಮ್ಮೆ ಗೋಡೆಯ ಮೊಳೆ ತೋರಿಸಿ, ತನ್ನ ಕೋಟನ್ನು ತೋರಿಸಿ, ಇಲ್ಲಿ ನೇತುಹಾಕಲೇ ಎಂಬಂತೆ ಕೇಳಿದಳು. ಆಗಲಿ ಎಂದು ಅತ್ತಿಗೆ ನಮ್ಮವರೆಲ್ಲ ಆಡಿಸುವಂತೆ ತಲೆಯನ್ನು ಅತ್ತಿಂದಿತ್ತ ಆಡಿಸಿದಳು. ಕಂಬ ಮುಖ ಗಂಟಿಕ್ಕಿಕೊಂಡು ಕೋಟನ್ನು ಮಂಚದ ಕೆಳಗೆ ತುರುಕಿ, ಎರಡು ದಿನ ಅವಳ ಕಡೆ ನೋಡಲೇ ಇಲ್ಲ.

"ಹೂಂ ಅಂದ್ರೂ ಸಿಟ್ಟು, ಉಹೂಂ ಅಂದ್ರೂ ಸಿಟ್ಟು. ಒಳ್ಳೆ ಗಂಡಾಂತರ ಕಣೇ" ಎಂದು ಅತ್ತಿಗೆ ಹೇಳಿಕೊಂಡರೆ ನಾದಿನಿ ಇನ್ನಷ್ಟು ಹೆದರಿಸುತ್ತಿದ್ದಳು. "ಹುಷಾರು ಅತ್ತಿಗೆ. ಅಂಥವರು ಮಲಗಿದ್ದಾಗ ಕತ್ತು ಹಿಸುಕ್ತಾರಂತೆ."

"ಬಾಯಿ ಮುಚ್ಚು, ಅನಿಷ್ಟ!" ಎಂದು ಬೈದರೂ ಆಮೇಲೆ ಮಲಗುವಾಗ ಅತ್ತಿಗೆ ಗೋಡೆಗೆ ಬೆನ್ನು ಹಚ್ಚಿಯೇ ಮಲಗುತ್ತಿದ್ದಳು.

ಆ ದಿನ ಬೆಳಗಿನ ಪಾಳಿ ಮುಗಿದಿತ್ತು. ಊಟ ಮಾಡಿ ಬಂದು ಅತ್ತಿಗೆ ಮಂಚದ ಮೇಲೆ ಅಡ್ಡಾಗಿದ್ದಳು. ಕಂಬ ಕಿಟಕಿಯ ಬಳಿ ಕೂತು ಗಮ್‌ಬೂಟು ಒರೆಸುತ್ತಿದ್ದಳು. ಕೆಳಗೆ ಅಂಗಳದಲ್ಲಿ ನಾದಿನಿ ಬಟ್ಟೆ ಒಣಹಾಕುತ್ತಿದ್ದಳು. ಆಗ ಸೈರನ್ ಕೂಗಿತು.

ಕೆಲಸಕ್ಕೆ ಸೇರಿದಾಗ ಹೇಳಿಕೊಟ್ಟಿದ್ದರಲ್ಲಿ ಅತ್ತಿಗೆಗೆ ಅರ್ಥವಾಗಿದ್ದು ಒಂದೇ: ಸೈರನ್ ಕೂಗಿದರೆ ಬೆಂಕಿ, ಎಲ್ಲ ಬಿಟ್ಟು ಹೊರಗೆ ಓಡಬೇಕು. ಬೇರೆ ಏನೇನೋ ಹೇಳಿದ್ದರು. ಆ ದಿನ ಕನ್ನಡ ಬಲ್ಲವರು ಯಾರೂ ಬಂದಿರಲಿಲ್ಲ, ಎಲ್ಲರ ಜೊತೆ ಅತ್ತಿಗೆ ನಾದಿನಿಯರೂ ಚಪ್ಪಾಳೆ ತಟ್ಟಿ ಎದ್ದು ಬಂದಿದ್ದರು. ಈಗಿನ ಸೈರನ್ ಒಂದೇ ಸಮನೆ ಕೂಗದೆ, ಹೆತ್ತವಳು ಗೋಳಾಡಿದ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನೆಲ್ಲ ಯೋಚಿಸುವಷ್ಟು ವ್ಯವಧಾನ ಯಾರಿಗಿದೆ? ಅತ್ತಿಗೆ ಚಪ್ಪಲಿಯನ್ನೂ ಮೆಟ್ಟದೆ ಬಾಗಿಲಿಗೆ ಓಡಿದಳು.

ಅವಳಿಗಿಂತ ಮೊದಲೇ ಕಂಬ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೀಲಿ ತಿರುಗಿಸಿ, ಕಿತ್ತು, ಜೇಬಿಗೆ ಹಾಕಿಕೊಂಡಳು.

ಅತ್ತಿಗೆ ಅವಳನ್ನು ಪಕ್ಕಕ್ಕೆ ತಳ್ಳಲು ನೋಡಿದಳು. "ಬಿಡು! ಬೆಂಕಿ! ಹೊರಗೆ ಹೋಗ್ಬೇಕು!" ಎಂದು ಕಿರುಚಿದಳು. ಕಂಬ ಏನನ್ನೋ ಜೋರಾಗಿ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತ ಅವಳ ಹೆಗಲು ಹಿಡಿದು ಹಿಂದಕ್ಕೆ ದಬ್ಬಿದಳು. ನಾದಿನಿ ಆಡಿದ ಮಾತೆಲ್ಲ ಅತ್ತಿಗೆಯ ತಲೆಗೆ ನುಗ್ಗಿತು. ಇವತ್ತು ನನ್ನ ಕಥೆ ಮುಗಿಯಿತು, ಇವಳು ನನ್ನನ್ನು ಇಲ್ಲೇ ಸುಟ್ಟುಹಾಕುತ್ತಾಳೆ. ಅವಳು ಕಂಬದ ಜೇಬಿಗೆ ಕೈ ಹಾಕಿದಳು, ಕೂದಲು ಜಗ್ಗಿದಳು, ಕೊನೆಗೆ ಆ ಉದ್ದನೆಯ ಮುಂಗೈಗೆ ಬಾಯಿ ಹಾಕಿ ಹಲ್ಲೂರುವಂತೆ ಕಚ್ಚಿದಳು. ಕಂಬ ಅರಚಿದಳು, ಆದರೆ ಕೀಲಿ ಕೊಡಲಿಲ್ಲ. ಅತ್ತಿಗೆಯನ್ನು ಮಂಚದ ಮೇಲೆ ಕೆಡವಿ, ಬೆರಳೆತ್ತಿ ಏನೋ ಕೇಳಿದಳು. ತಿಳಿಯಿತೇ ಎಂಬಂಥ ಕೇಳಿಕೆ. ಹೊಡೆಯದಿದ್ದರೆ ಸಾಕೆಂದು ಅತ್ತಿಗೆ ಹೂಂ ಹೂಂ ಎಂದು ತಲೆಯಾಡಿಸಿದಳು. ಅದನ್ನು ಕಂಡು ಅವಳು ಇನ್ನೂ ಬಿಗಿಯಾಗಿ ಅದುಮಿದಳು.

ಆಮೇಲೆ ಏನನ್ನಿಸಿತೋ, ಬಿಟ್ಟು ಎದ್ದಳು. ಕಿಟಕಿಯನ್ನು ಎಳೆದು ಮುಚ್ಚಿ ಚಿಲಕ ಹಾಕಿದಳು. ತನ್ನ ಹೊದಿಕೆಯನ್ನು ಬಕೆಟ್‌ನಲ್ಲಿ ಅದ್ದಿ ಬಾಗಿಲಡಿಯ ಸಂದಿಗೆ ತುರುಕಿದಳು. ಮಂಚ ಹತ್ತಿ ಗಾಳಿಕಿಂಡಿಗೆ ಒದ್ದೆ ಟವೆಲ್ ಗಿಡಿದಳು. ಕೊಲ್ಲಲು ಬಂದವರು ತಮ್ಮ ಹೊದಿಕೆಯನ್ನೇ ನೆನೆಸಿ ಸಂದಿ ಮುಚ್ಚುತ್ತಾರೆಯೇ?

ಅತ್ತಿಗೆ ಕಿಟಕಿಯ ಗಾಜಿಗೆ ಮುಖವಿಟ್ಟಳು. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಹಾಸ್ಟೆಲಿನಿಂದ ಹೊರಗೋಡಿದ ಜನ ಅಂಗಳದಲ್ಲಿ ದಾರಿ ತಪ್ಪಿದ ಕುರಿಗಳಂತೆ ನಿಂತಿದ್ದರು. ಕಾರ್ಖಾನೆಯ ಗೋಡೆಯ ಕಡೆಯಿಂದ ಬಿಳಿಯ ಮಂಜಿನಂಥದ್ದು ನೆಲ ಹಿಡಿದು, ಅವಸರವಿಲ್ಲದೆ, ಹರಿದು ಬರುತ್ತಿತ್ತು. ಅದರೊಳಗಿಂದ ಒಬ್ಬ ಮನುಷ್ಯ ಹೊರಬಂದ, ಗಂಟಲು ಹಿಡಿದುಕೊಂಡು ಮಂಡಿಯೂರಿದ, ಏಳಲೇ ಇಲ್ಲ. ಅದನ್ನು ಕಂಡವರು ಹೋ ಎಂದು ದಿಕ್ಕಾಪಾಲಾಗಿ ಓಡತೊಡಗಿದರು.

ಮುಚ್ಚಿದ ಕಿಟಕಿಯ ಸಂದಿನಿಂದಲೇ ಮೂಗಿಗೆ ಸೂಜಿ ಚುಚ್ಚಿದಂತೆ ವಾಸನೆ ಬಂತು. ತೊಳೆಯದ ಮೂತ್ರಿಯ ವಾಸನೆಯ ನೂರು ಪಟ್ಟು. ಅತ್ತಿಗೆಗೆ ಅದು ಗೊತ್ತಿತ್ತು. ಕೋಲ್ಡ್ ಸ್ಟೋರೇಜಿನ ಪೈಪುಗಳ ಕೋಣೆಯ ಮುಂದೆ ಹಾದುಹೋಗುವಾಗ ಒಮ್ಮೊಮ್ಮೆ ತೆಳ್ಳಗೆ ಬರುತ್ತಿದ್ದ ಅದೇ ವಾಸನೆ, ತಣ್ಣಗಾಗಿಸುವ ಗ್ಯಾಸಿನದು. ಕಣ್ಣಲ್ಲಿ ನೀರು ಇಳಿಯಿತು. ಈಗ ಅವಳಿಗೆ ಎಲ್ಲವೂ ಹೊಳೆಯಿತು: ಏರಿಳಿದು ಕೂಗುವ ಸೈರನ್ ಬೆಂಕಿಯದಲ್ಲ, ಗ್ಯಾಸಿನದು, ಓಡದೆ ಒಳಗೇ ಇರಬೇಕು. ಹೊಳೆದ ಕೂಡಲೇ ಜೀವ ಬಾಯಿಗೆ ಬಂತು. ನಾದಿನಿ ಅಂಗಳದಲ್ಲಿದ್ದಾಳೆ!

ಹಗ್ಗದ ಮೇಲೆ ಬಟ್ಟೆಗಳಷ್ಟೇ ಇದ್ದವು. ಹುಡುಕುತ್ತಿದ್ದಂತೆ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಬಾಗಿಲು ಅದುರಿತು.

"ಅತ್ತಿಗೇ! ಬಾಗಿಲು ತೆಗೀ! ಕಣ್ಣು ಕಾಣಿಸ್ತಿಲ್ಲ ಅತ್ತಿಗೇ!"

ಅತ್ತಿಗೆ ಬಾಗಿಲಿಗೆ ಬಿದ್ದಳು. ಕಂಬ ಮತ್ತೆ ಅಡ್ಡ ನಿಂತು ಕೈ ಚಾಚಿದಳು.

"ನನ್ನ ನಾದಿನಿ ಕಣೇ! ನಮ್ಮ ಮನೆಯ ಹುಡುಗಿ! ನಿನ್ನ ದಮ್ಮಯ್ಯ, ತೆಗಿಯೇ!"

ಆ ಮಾತು ಅವಳಿಗೆ ಹೇಗೆ ಅರ್ಥವಾಗಬೇಕು? ಆಚೆ ಯಾರೋ ಕೂಗುತ್ತಿದ್ದಾರೆ, ಈಚೆ ತನ್ನನ್ನು ಕಚ್ಚಿದವಳು ಹುಚ್ಚಿಯಂತೆ ಕುಣಿಯುತ್ತಿದ್ದಾಳೆ. ಅವಳಿಗೆ ತಿಳಿದದ್ದು ಅಷ್ಟೇ. ಹೊರಗಿನ ಬಡಿತ ಕೆಮ್ಮಿನ ನಡುವೆ ನಿಧಾನವಾಗತೊಡಗಿತು.

ಅತ್ತಿಗೆ ಅರಚುವುದನ್ನು ನಿಲ್ಲಿಸಿದಳು. ಹೇಗೆ ನಿಲ್ಲಿಸಿದಳೋ ಅವಳಿಗೇ ತಿಳಿಯದು. ಹಿಂದೆ ಸರಿದು ತನ್ನ ಮಂಚದ ಹಾಸನ್ನು ಎಳೆದುಕೊಂಡು ಬಕೆಟ್‌ನಲ್ಲಿ ಅದ್ದಿದಳು. ದುಪಟ್ಟಾ ಅದ್ದಿ ತನ್ನ ಬಾಯಿ ಮೂಗಿಗೆ ಸುತ್ತಿಕೊಂಡಳು. ಇನ್ನೊಂದು ಒದ್ದೆ ಬಟ್ಟೆಯನ್ನು ಕಂಬದ ಮುಖದತ್ತ ಹಿಡಿದಳು. ನೀನು ಹೇಳಿದ್ದು ತಿಳಿಯಿತು, ನೀನು ಮಾಡಿದ್ದನ್ನೇ ನಾನೂ ಮಾಡುತ್ತೇನೆ. ಇದನ್ನು ಹೇಳಲು ಅವಳಲ್ಲಿದ್ದ ಮಾತು ಆ ಒದ್ದೆ ಬಟ್ಟೆಯೊಂದೇ. ಮತ್ತೆ ಬಾಗಿಲನ್ನು ತೋರಿಸಿ, ಆ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು.

ಕಂಬ ಅವಳ ಕಣ್ಣನ್ನೇ ನೋಡಿದಳು. ಬಟ್ಟೆ ತೆಗೆದುಕೊಂಡು ಮುಖಕ್ಕೆ ಸುತ್ತಿದಳು. ಜೇಬಿನಿಂದ ಕೀಲಿ ಬಂತು.

ಬಾಗಿಲು ತೆರೆದದ್ದು ಒಬ್ಬಳು ತೂರುವಷ್ಟೇ. ಕಂಬ ನಾದಿನಿಯ ರಟ್ಟೆ ಹಿಡಿದು ಮೂಟೆಯಂತೆ ಒಳಕ್ಕೆಳೆದಳು. ಅತ್ತಿಗೆ ಬಾಗಿಲು ಒತ್ತಿ ಹಾಸನ್ನು ಸಂದಿಗೆ ತುರುಕಿದಳು. ನಾದಿನಿಯ ಕಣ್ಣು ಕೆಂಡವಾಗಿದ್ದವು, ಉಸಿರು ಸೀಟಿ ಹೊಡೆಯುತ್ತಿತ್ತು. ಕಂಬ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರೆಪ್ಪೆ ಬಿಡಿಸಿ ಚೊಂಬುಗಟ್ಟಲೆ ನೀರು ಸುರಿದಳು.

"ಅತ್ತಿಗೆ... ಯಾರು ಇದು, ಮುಳುಗಿಸ್ತಿದಾರೆ ನನ್ನ..."

"ಸುಮ್ನಿರು. ಕಂಬ. ನೀರು ಹಾಕ್ಲಿ, ಬಿಡು."

ಅಷ್ಟರಲ್ಲಿ ಮತ್ತೆ ಬಾಗಿಲು ಸದ್ದಾಯಿತು. ಈ ಸಲ ಬಡಿತವೂ ಅಲ್ಲ, ಉಗುರಿನಿಂದ ಕೆರೆದಂತೆ. ಕಂಬ ಏಳಹೊರಟಾಗ ಅತ್ತಿಗೆ ಅವಳ ಕೀಲಿ ಹಿಡಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡುಬಿಟ್ಟಳು. ಬೇಡ. ನಮ್ಮವಳು ಒಳಗೆ ಬಂದಾಯಿತು. ಇನ್ನು ತೆಗೆದರೆ ಆ ಮಂಜೂ ಒಳಗೆ ಬರುತ್ತದೆ, ಇಷ್ಟು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಗುತ್ತದೆ. ಕಂಬಕ್ಕೆ ಆ ಹಿಡಿತದ ಅರ್ಥ ತಿಳಿಯಿತು. ಅವಳು ಅತ್ತಿಗೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎದ್ದು ಹೋದಳು.

ಒಳಗೆ ಬಂದು ಬಿದ್ದವಳು ವಾರ್ಡನ್. ಕೋಣೆ ಕೋಣೆಯ ಬಾಗಿಲು ತಟ್ಟಿ, ಹೊರಗೆ ಹೋಗಬೇಡಿ ಎಂದು ತನಗೆ ಬರುವ ಭಾಷೆಯಲ್ಲೆಲ್ಲ ಕೂಗಿ ಗಂಟಲು ಕಳೆದುಕೊಂಡು ಬಂದಿದ್ದಳು.

ನಾಲ್ವರೂ ನೆಲದ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ಬಕೆಟ್‌ನ ನೀರು ತಳ ಕಾಣುತ್ತಿತ್ತು. ಬಾಗಿಲಾಚೆ ಯಾರೋ ಓಡಿದರು, ಯಾರೋ ಬಿದ್ದರು, ಆಮೇಲೆ ಸದ್ದೇ ಇಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲೇ ಅತ್ತಿಗೆಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾದದ್ದು. ನಾದಿನಿಯ ಉಸಿರಿನ ಸೀಟಿ ನಿಂತಂತೆ ಅನ್ನಿಸಿದಾಗೆಲ್ಲ ಅವಳ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಮುಖವಾಡ ತೊಟ್ಟ ಅಗ್ನಿಶಾಮಕದವರು ಬಂದು ಬಾಗಿಲು ತಟ್ಟುವಷ್ಟರಲ್ಲಿ ಸೈರನ್ ಯಾವಾಗ ನಿಂತಿತ್ತೆಂಬುದೂ ಅವರಿಗೆ ಗೊತ್ತಿರಲಿಲ್ಲ.

ಮಂಡಿಯೂರಿದ ಮನುಷ್ಯ ಪೈಪುಗಳ ಕೋಣೆಯ ಕೆಲಸದವನು, ಉಳಿಯಲಿಲ್ಲ. ಅಂಗಳಕ್ಕೆ ಓಡಿದವರಲ್ಲಿ ಅನೇಕರು ಆಸ್ಪತ್ರೆ ಸೇರಿದರು. ನಾದಿನಿಯ ಕಣ್ಣು ಉಳಿಯಿತು. ಗಂಟಲು ಮಾತ್ರ ಒಡೆದ ಕೊಳಲಾಯಿತು.

ಆಸ್ಪತ್ರೆಗೆ ಕೆಲಸದವರನ್ನು ಕರೆತರುತ್ತಿದ್ದ ವ್ಯಾನ್ ಡ್ರೈವರ್‌ಗೆ ಕನ್ನಡವೂ ಬರುತ್ತಿತ್ತು, ಕಂಬದ ಭಾಷೆಯೂ ಬರುತ್ತಿತ್ತು. ನಾದಿನಿಯ ಹಾಸಿಗೆಯ ಪಕ್ಕ ಅವನನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಮೊದಲ ಬಾರಿಗೆ ಮಾತಾಡಿದರು.

ಕಂಬ ಹಿಂದೆ ಐಸ್ ಕಾರ್ಖಾನೆಯಲ್ಲಿದ್ದಳು. ಅಲ್ಲಿಯೂ ಹೀಗೇ ಆಗಿತ್ತು. ಅವಳ ತಂಗಿ ಬಾಗಿಲು ತೆಗೆದುಕೊಂಡು ಹೊರಗೋಡಿದ್ದಳು. ಅಂದಿನಿಂದ ಎಲ್ಲಿ ಮಲಗಿದರೂ ಮೊದಲು ವಾಸನೆ ನೋಡುತ್ತಾಳೆ, ಬಕೆಟ್ ನೀರಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ.

ಡ್ರೈವರ್ ಅಷ್ಟು ಹೇಳಿ ನಕ್ಕ. "ಅಕ್ಕ, ಇವರು ಇನ್ನೊಂದು ಕೇಳ್ತಿದಾರೆ. ನೀವಿಬ್ರೂ ಇವರು ಬಂದ ತಕ್ಷಣ ಮಾತು ನಿಲ್ಲಿಸಿ ನಗ್ತಿದ್ರಂತಲ್ಲ, ಏನು ಮಸಲತ್ತು ಅದು? ನಿಮಗೆ ಹೆದರಿ ಎಷ್ಟೋ ದಿನ ಒಂದು ಕಣ್ಣು ತೆರೆದೇ ಮಲಗಿದ್ರಂತೆ. ಕೋಟು ನೇತುಹಾಕೋಕೂ ಬಿಡಲಿಲ್ಲವಂತೆ ನೀವು."

"ಅಯ್ಯೋ, ಹಾಕ್ಕೋ ಅಂತ ತಲೆ ಆಡಿಸಿದ್ದೆನಲ್ಲಪ್ಪ!"

"ಅವರ ಕಡೆ ಹಂಗೆ ಆಡಿಸಿದ್ರೆ ಆಗಲ್ಲ ಅಂತ."

ಅತ್ತಿಗೆ ಹಣೆ ಹಣೆ ಚಚ್ಚಿಕೊಂಡಳು. ಕಂಬದ ಮುಂಗೈಯ ಬ್ಯಾಂಡೇಜ್ ತೋರಿಸಿ, "ತಪ್ಪಾಯ್ತು ಅಂತ ಹೇಳಪ್ಪ. ಎರಡನೇ ಸಲ ಬಾಗಿಲು ಸದ್ದಾದಾಗ ಕೈ ಹಿಡ್ಕೊಂಡೆನಲ್ಲ, ಅದಕ್ಕೂ" ಎಂದಳು.

ಕಂಬ ಬ್ಯಾಂಡೇಜನ್ನು ಸವರಿಕೊಂಡು ಏನೋ ಅಂದಳು. ಡ್ರೈವರ್ ಹೇಳಲೋ ಬೇಡವೋ ಎಂದು ನೋಡಿದ.

"ಹಲ್ಲು ಗಟ್ಟಿಯಾಗಿದೆ ಅಂತಿದಾರೆ. ಆ ಇನ್ನೊಂದು ಮಾತಿಗೆ... ಅವತ್ತು ತಂಗಿ ಹೋದ ಮೇಲೆ ಇವರೂ ಬಾಗಿಲು ಹಾಕ್ಕೊಂಡುಬಿಟ್ರಂತೆ. ಆಮೇಲೆ ಯಾರು ತಟ್ಟಿದ್ರೂ ತೆಗೀಲಿಲ್ಲವಂತೆ."

ಅತ್ತಿಗೆ ಅವಳ ಕೈಯ ಮೇಲೆ ಕೈಯಿಟ್ಟಳು.

ಕಾರ್ಖಾನೆ ಮತ್ತೆ ತೆರೆದಾಗ ವಾರ್ಡನ್ ತಾನಾಗಿಯೇ ಬಂದು, ಅತ್ತಿಗೆ ನಾದಿನಿಯರು ಬೇಕಾದರೆ ಒಂದೇ ಕೋಣೆಯಲ್ಲಿರಬಹುದೆಂದಳು. ಅತ್ತಿಗೆ ಮೇಲಿನ ಕೋಣೆಗೇ ಮೂರನೆಯ ಮಂಚ ಹಾಕಿಸಿದಳು. ಡ್ರೈವರನನ್ನು ಹಿಡಿದು ಕಂಬದ ಭಾಷೆ ಕಲಿಸು ಎಂದು ದುಂಬಾಲು ಬಿದ್ದಳು. ಅವನು ನಮಸ್ಕಾರ, ಊಟವಾಯಿತೇ ಎಂಬುದರಿಂದ ಶುರುಮಾಡಿದ.

"ಅದೆಲ್ಲ ಆಮೇಲೆ. ಮೊದಲು 'ವಾಸನೆ ಬರ್ತಿದೆ' ಅನ್ನೋದು ಹೇಳಿಕೊಡು. 'ಓಡಬೇಡ'. 'ಒಳಗೆ ಬಾ'."

ಆ ಮೂರು ಮಾತನ್ನು ಅವಳು ಸಿಗಡಿ ಸುಲಿಯುತ್ತ ದಿನವಿಡೀ ಬಾಯಲ್ಲಿ ಹೊರಳಿಸಿದಳು. ಸಂಜೆ ಕೋಣೆಯಲ್ಲಿ ಹೇಳಿ ತೋರಿಸಿದಾಗ ಕಂಬ ಎರಡನ್ನು ಒಪ್ಪಿದಳು, ಮೂರನೆಯದನ್ನು ತಿದ್ದಿದಳು. ನಾದಿನಿ ತನ್ನ ಒಡಕು ಗಂಟಲಲ್ಲಿ ಅದನ್ನೇ ಹೇಳಹೋಗಿ ಕೆಮ್ಮಿದಳು. ಕೆಮ್ಮು ಕೇಳಿದೊಡನೆ ಉಳಿದಿಬ್ಬರೂ ಬೆಚ್ಚಿ ಮೂಗೆತ್ತಿ ಗಾಳಿಯನ್ನು ಮೂಸಿದರು. ಸಿಗಡಿಯ ವಾಸನೆ ಬಿಟ್ಟು ಇನ್ನೇನೂ ಇರಲಿಲ್ಲ. ಆದರೂ ಅತ್ತಿಗೆ ಎದ್ದು ಹೋಗಿ ಕಿಟಕಿಯ ಚಿಲಕವನ್ನು ಮತ್ತೊಮ್ಮೆ ಒತ್ತಿ ನೋಡಿ ಬಂದಳು.